ಇನ್ನು ಸ್ವಲ್ಪ ಆಚೆ

ಪಕ್ಕದ ಖೋಲಿಯ ಶಿವಪುತ್ರಪ್ಪ ಸೇಬಿನ ಖೋಕಾ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಾಗ ವಾರಿಜಾ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಖೋಕಾದ ಮರದ ಪಟ್ಟಿಗಳ ಸಂದಿಯಿಂದ ಪುಟ್ಟ ಕರಿಮೂಗೊಂದು ಹೊರಗೆ ಇಣುಕಿ ಒಳಗೆ ಹೋಯಿತು.

"ಅಣ್ಣಾರು ಹೇಳಿದ್ರು ವೈನಿ, ಅದಕ್ಕ ತಂದೀನಿ. ನಮ್ಮ ಕಂಪನಿ ಗೇಟಿನಾಗ ಹುಟ್ಟಿದ ನಾಯಿಮರಿ. ಇದರ ತಾಯಿ ಭಾಳ ಶಾಣ್ಯಾಕಿ."

ವಾರಿಜಾ ಗಂಡನ ಕಡೆ ತಿರುಗಿದಳು. ಯಜ್ಞೇಶ್ವರ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಮದುವೆಗೆ ಮೊದಲಿನಿಂದಲೂ ಅಂಬರನಾಥದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಇದ್ದವನು, ಬೇಸಗೆಯಿಂದೀಚೆಗೆ ಮೆಟ್ಟಿಲು ಇಳಿದಿರಲಿಲ್ಲ. ಶ್ವಾಸಕೋಶದಲ್ಲಿ ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದು ಮುಂಬಯಿಯ ಡಾಕ್ಟರು ಹೇಳಿ ಕಳಿಸಿದ್ದರು. ಕೇಳಿದವರಿಗೆಲ್ಲ ವಾರಿಜಾ, "ಮಳೆಗಾಲ ಒಂದು ಕಳೆದರೆ ಸರಿಯಾಗ್ತಾರೆ" ಎನ್ನುತ್ತಿದ್ದಳು.

"ಎಂತಕ್ಕೆ ಇದು?" ಎಂದಳು ಈಗ. "ನಿಮ್ಮನ್ನು ನೋಡಿಕೊಳ್ಳುವುದಾ, ಇದರ ಉಚ್ಚೆ ಒರೆಸುವುದಾ?"

"ಮನೆಯಲ್ಲಿ ಒಂದು ಜೀವ ಇರ್ಲಿ ಅಂತ."

"ನಾವಿಬ್ಬರು ಇಲ್ವಾ?"

ಅವನು ಖೋಕಾವನ್ನು ಒಳಗೆ ತರುವಂತೆ ಶಿವಪುತ್ರಪ್ಪನಿಗೆ ಕೈಸನ್ನೆ ಮಾಡಿದ.

ಡೊಂಬಿವಲಿಯ ಆ ಚಾಳಿನಲ್ಲಿ ಮರಿಯನ್ನು ಬಿಟ್ಟು ಮಲಗುವಂತಿರಲಿಲ್ಲ. ಕತ್ತಲಾದರೆ ಮೋರಿಯಿಂದ ಹೆಗ್ಗಣಗಳು ಬರುತ್ತಿದ್ದವು. ಖೋಕಾದೊಳಗೆ ಹಾಕಿ ಮುಚ್ಚಿದರೆ ಅಕ್ಕಪಕ್ಕದವರೆಲ್ಲ ಎದ್ದು ಕೂರುವ ಹಾಗೆ ಅಳುತ್ತಿತ್ತು. ಮರುದಿನ ಬೆಳಿಗ್ಗೆಯೇ ಚಾಳಿನ ಮಾಲೀಕ ಬಂದು, ಇದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಮರಾಠಿಯಲ್ಲಿ ಗದರಿಸಿ ಹೋದ. ವಾರಿಜಾಳಿಗೆ ಅಷ್ಟೇ ಬೇಕಿತ್ತು.

"ಶಿವಪುತ್ರಪ್ಪ ಡ್ಯೂಟಿಯಿಂದ ಬಂದ ಕೂಡ್ಲೇ ವಾಪಸು ಕೊಡ್ತೇನೆ."

"ನಾಲ್ಕು ದಿನ ತಡಿ ಮಾರಾಯ್ತಿ. ನಾನು ಮಲಗಿಸ್ತೇನೆ. ಖೋಕಾ ಇಲ್ಲಿ ಮಂಚದ ಹತ್ರ ದೂಡು."

ಅವಳು ದೂಡಿದಳು. ಅವನು ತಾನು ಹಾಕಿ ಬಿಚ್ಚಿಟ್ಟ ಬನಿಯನನ್ನು ಒಳಗೆ ಹಾಸಲು ಹೇಳಿದ. ಬಿಸ್ಕೀಟಿನ ಚೂರೊಂದನ್ನು ಒಳಗೆ ಎಸೆದು, ಮರಿ ತಾನಾಗಿ ಹೋಗುವವರೆಗೂ ಕಾದ. ಖೋಕಾದ ಬಾಯಿ ಮುಚ್ಚಿಸಿ, ಮಂಚದ ಅಂಚಿಗೆ ಹೊರಳಿ, ಪಟ್ಟಿಗಳ ಸಂದಿಯಲ್ಲಿ ಬೆರಳು ಇಳಿಬಿಟ್ಟ. ಮರಿ ಅತ್ತಿತು, ಬೆರಳು ನೆಕ್ಕಿತು, ಮತ್ತೆ ಅತ್ತಿತು. ವಾರಿಜಾ ಎತ್ತಿಕೊಳ್ಳಲು ಬಗ್ಗಿದರೆ, "ಈಗ ತೆಗೀಬೇಡ. ಸುಮ್ಮನಾದ ಮೇಲೆ ತೆಗಿ. ಅತ್ತರೆ ಯಾರಾದ್ರೂ ಬರ್ತಾರೆ ಅಂತ ಅಭ್ಯಾಸ ಆಗಬಾರದು" ಎಂದ. ಅಷ್ಟು ಹೇಳುವುದರೊಳಗೆ ಕೆಮ್ಮು ಬಂದು ಕಣ್ಣು ಒದ್ದೆಯಾಯಿತು. ಆದರೂ ಬೆರಳು ತೆಗೆಯಲಿಲ್ಲ. ಮರಿ ಅದರ ಮೇಲೆ ಮೂಗಿಟ್ಟು ನಿದ್ದೆಹೋಯಿತು.

ವಾಪಸು ಕೊಡುವ ಮಾತನ್ನು ವಾರಿಜಾ ಮತ್ತೆ ಎತ್ತಲಿಲ್ಲ. ಒಮ್ಮೆ ವಾಸನೆ ಬಂತೆಂದು ಖೋಕಾದೊಳಗಿನ ಬನಿಯನನ್ನು ಒಗೆದು ಹಾಕಿದಳು. ಆ ಮಧ್ಯಾಹ್ನವಿಡೀ ಮರಿ ಕಿರುಗುಟ್ಟಿತು. ಯಜ್ಞೇಶ್ವರ ಮೈಮೇಲಿದ್ದುದನ್ನೇ ಬಿಚ್ಚಿ ಕೊಟ್ಟ. ಅದನ್ನು ತೆಗೆದುಕೊಳ್ಳುವಾಗ ಅವನ ಪಕ್ಕೆಲುಬುಗಳು ಕಂಡು ಅವಳು ಬೇಗನೆ ಬೇರೆ ಕಡೆ ನೋಡಿದಳು.

ಮರಿ ಅಳುವುದನ್ನು ಬಿಟ್ಟಿತು, ಮಾಲೀಕನೂ ಮತ್ತೆ ಬರಲಿಲ್ಲ. ಅಲ್ಲಿಂದ ಅವನು ಸಂಜೆ ದೇವರ ದೀಪವಾದ ಕೂಡಲೇ, "ಖೋಕಾ ಇನ್ನು ಸ್ವಲ್ಪ ಆಚೆ ಸರಿಸು" ಎನ್ನತೊಡಗಿದ. ನಾಯಿಯ ಕೂದಲಿಗೆ ಕೆಮ್ಮು ಜಾಸ್ತಿಯಾಗುತ್ತದೇನೋ ಎಂದುಕೊಂಡು ಅವಳು ಸರಿಸುತ್ತಿದ್ದಳು. ಮೊದಮೊದಲು ಅವನ ಬೆರಳು ಪಟ್ಟಿಗೆ ಮಾತ್ರ ತಾಗುತ್ತಿತ್ತು. ಆಮೇಲೆ ಎಟುಕಲಿಲ್ಲ. ಮರಿ ಕುಂಯ್ ಎಂದರೆ ಮಂಚದಿಂದಲೇ ತುಳುವಿನಲ್ಲಿ ಏನಾದರೂ ಮಾತಾಡುತ್ತಿದ್ದ. ಬರಬರುತ್ತ ಅದನ್ನೂ ನಿಲ್ಲಿಸಿದ. ಖೋಕಾ ಖೋಲಿಯನ್ನು ದಾಟಿ, ವಾರಿಜಾ ಚಾಪೆ ಹಾಸುವ ಗೋಡೆಯ ಹತ್ತಿರಕ್ಕೆ ಬಂತು.

ಭಾನುವಾರ ಶಿವಪುತ್ರಪ್ಪ ಮರಿಯನ್ನು ನೋಡಲು ಬಂದ.

"ಮಂಚದ ಬಾಜೂಕ ಆರಾಮ ಮಲಗತಿತ್ತಲ್ರೀ ಅಣ್ಣಾರ. ಯಾಕ ಅಷ್ಟು ದೂರ ಇಟ್ಟೀರಿ?"

"ನನ್ನ ಕೈ ಇಲ್ಲದೆ ಮಲಗ್ಲಿಕ್ಕೆ ಕಲೀಬೇಕಲ್ಲ ಅದು," ಎಂದ ಯಜ್ಞೇಶ್ವರ, ರೈಲಿನ ಸಮಯ ಹೇಳಿದಷ್ಟು ಸಹಜವಾಗಿ. "ಕಲೀತಾ ಉಂಟು. ಇವಳ ಹತ್ರ ಚೆನ್ನಾಗಿ ಹೊಂದಿಕೊಂಡಿದೆ."

ಶಿವಪುತ್ರಪ್ಪ ತಲೆ ತಗ್ಗಿಸಿದ. ವಾರಿಜಾ ಚಹಾದ ಕಪ್ಪನ್ನು ಅವನ ಕೈಗೆ ಕೊಟ್ಟು ಪಾತ್ರೆ ತೊಳೆಯುವ ಮೂಲೆಯ ಮೋರಿಗೆ ಹೋಗಿ ನಲ್ಲಿ ತಿರುಗಿಸಿದಳು. ಅದು ನೀರು ಬರುವ ಹೊತ್ತಾಗಿರಲಿಲ್ಲ. ಅವನು ಚಹಾ ಕುಡಿದು, ಬರ್ತೀನ್ರಿ ವೈನಿ ಎಂದು ಹೇಳಿ ಹೋದ ಮೇಲೂ ಅವಳು ಒಣ ನಲ್ಲಿಯ ಮುಂದೆಯೇ ನಿಂತಿದ್ದಳು.

ಆ ಸಂಜೆ ಯಜ್ಞೇಶ್ವರನಿಗೆ ಉಸಿರಾಟ ಕಷ್ಟವಾಗಿತ್ತು. ವಾರಿಜಾ ಬೆನ್ನು ನೀವಿ, ಇನ್ನೊಂದು ದಿಂಬು ಕೊಟ್ಟು, ದೀಪ ಹಚ್ಚಿದಳು. ಮರಿ ಯಾರೂ ಕರೆಯದೆ ತಾನಾಗಿಯೇ ಖೋಕಾದೊಳಗೆ ಹೋಗಿ, ಬನಿಯನನ್ನು ಕಾಲಿನಿಂದ ಕೆದರಿ, ಸುತ್ತಿಕೊಂಡು ಮಲಗಿತು.

"ಇನ್ನು ಸ್ವಲ್ಪ ಆಚೆ," ಎಂದ ಅವನು. "ನಿನ್ನ ಚಾಪೆಗೆ ತಾಗುವ ಹಾಗೆ ಇಡು. ಸಾಕು ಮತ್ತೆ."

ವಾರಿಜಾ ಖೋಕಾದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು. ಸರಿಸಲಿಲ್ಲ.

"ಇವತ್ತು ಬೇಡ," ಎಂದಳು.

"ಯಾಕೆ? ಅದಕ್ಕೆ ಅಭ್ಯಾಸ ಆಯ್ತಲ್ಲ, ವಾರಿಜಾ."

"ಅದಕ್ಕೇನೋ ಆಯ್ತು," ಎಂದಳು ಅವಳು.