ಇಬ್ಬರೂ ಒಟ್ಟಿಗೆ ಒತ್ತಿದಾಗ

“ನಿನ್ನ ಪ್ರೋಗ್ರಾಮಿನ ಮೇಲೆ ದೂರು ಬಂದಿದೆ,” ಅಂದರು ಅತ್ತಿಗೆ. ಮನೆಯಲ್ಲಿ ಅಣ್ಣನ ಹೆಂಡತಿ. ವಿಮಾ ಕಚೇರಿಯ ಈ ಕಂಪ್ಯೂಟರ್ ವಿಭಾಗದಲ್ಲಿ ಮೇಲಧಿಕಾರಿ. “ಎರಡು ಕೌಂಟರಿನವರು ಒಟ್ಟಿಗೆ ಎಂಟರ್ ಒತ್ತಿದರೆ ಒಬ್ಬರ ಹೆಸರು ಇನ್ನೊಬ್ಬರ ಪಾಲಿಸಿಗೆ ಹೋಗ್ತಿದೆಯಂತೆ.”

ಮೈದುನನಿಗೆ ಮೈಯೆಲ್ಲ ಉರಿಯಿತು. ಮೇನ್‌ಫ್ರೇಮಿನ ಮೆಮೊರಿಯಲ್ಲಿ ಆ ಪ್ರೋಗ್ರಾಮಿನ ಪ್ರತಿ ಇದ್ದದ್ದು ಒಂದೇ. ಕೌಂಟರಿನವರೆಲ್ಲ ಏಕಕಾಲಕ್ಕೆ ಅದನ್ನೇ ಬಳಸಬೇಕು. ಧಾರಾಳವಾಗಿ ಬಳಸಬಹುದು ಎಂದು ಅದಕ್ಕೆ ‘ರೀಎಂಟ್ರೆಂಟ್’ ಗುರುತು ಹಾಕಿದವನು ಅವನೇ. ಗುರುತು ಸುಳ್ಳೆಂದಾದರೆ ಕಿತ್ತುಹಾಕುತ್ತಾರೆ. ಆಮೇಲೆ ಒಬ್ಬರ ಕೆಲಸ ಮುಗಿಯುವ ತನಕ ಮಿಕ್ಕವರು ಕಾಯಬೇಕು. ಗಿರಾಕಿಗಳ ಸಾಲು ಬೀದಿಗೆ, ಅವನ ಮಾನವೂ ಬೀದಿಗೆ.

“ಯಾರು ಹೇಳಿದ್ದು? ಆ ದಪ್ಪ ಕನ್ನಡಕದವರಾ?” ಪಕ್ಕದ ಕೋಣೆಯ ಹಿರಿಯ ಪ್ರೋಗ್ರಾಮರಿಗೆ ಇವನನ್ನು ಕಂಡರೆ ಆಗದು.

“ಯಾರಾದರೇನು? ಪರೀಕ್ಷೆ ಮಾಡಿ ತೋರಿಸು. ಕೌಂಟರಿನಿಂದ ಒಬ್ಬಳನ್ನ ಕಳಿಸ್ತೀನಿ.”

ಬಂದವಳು ಮೂರನೇ ಕೌಂಟರಿನವಳು. ಅಕ್ಕಪಕ್ಕದ ಪರದೆಗಳ ಮುಂದೆ ಕೂತು ಇಬ್ಬರೂ ಒಟ್ಟಿಗೆ ಒತ್ತಿದರು. ಹೆಸರುಗಳು ತಂತಮ್ಮ ಜಾಗದಲ್ಲೇ ಇದ್ದವು.

“ಇನ್ನೊಂದ್ಸಲ ನೋಡೋಣ,” ಅಂದಳು. ನೋಡಿದರು. ಮತ್ತೂ ನೋಡಿದರು. ಊಟದ ಹೊತ್ತು ಮೀರಿದರೂ ಅವಳಿಗೆ ಸಮಾಧಾನವಿಲ್ಲ.

“ಅದ್ಹೇಗೆ ಬೆರೆಯಲ್ಲ ಇದು?”

“ಕೆಲಸ ಮಾಡುವಾಗ ತನ್ನನ್ನು ತಾನು ಒಂಚೂರೂ ಬದಲಾಯಿಸಿಕೊಳ್ಳಲ್ಲ. ಯಾರ ಹೆಸರನ್ನೂ ತನ್ನೊಳಗೆ ಬರೆದಿಟ್ಟುಕೊಳ್ಳಲ್ಲ.” ಅವನು ಎದೆಯುಬ್ಬಿಸಿದ.

“ದಿನಾ ಎದುರಿಗೆ ಬರೋರದ್ದೂ?”

“ಊಹೂಂ.”

“ಪ್ರೋಗ್ರಾಮ್ ಬರೆದವರ ಥರಾನೇ.”

ಪರದೆಯಿಂದ ಕಣ್ಣು ಕೀಳದ ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. “ಥ್ಯಾಂಕ್ಸ್,” ಅಂದ. ಅವಳು ತುಟಿ ಕಚ್ಚಿಕೊಂಡು ಎದ್ದುಹೋದಳು.

ಅವನು ಅತ್ತಿಗೆಯ ಕೋಣೆಗೆ ನುಗ್ಗಿದ. “ಒಂದಕ್ಷರ ಬೆರೆತಿಲ್ಲ ಅತ್ತಿಗೆ! ಗುರುತು ಹಾಗೇ ಇರಲಿ. ಆ ಕನ್ನಡಕದವರನ್ನ ಮಾತ್ರ ಈಗಲೇ ವಿಚಾರಿಸ್ಕೊಂಡು ಬರ್ತೀನಿ.”

“ಪಾಪ, ಅವರ ತಂಟೆ ಯಾಕೋ ನಿನಗೆ?” ಅತ್ತಿಗೆ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದು ಮುಂದುವರಿಸಿದರು:

“ದೂರು ಕೊಟ್ಟವಳು ಇಷ್ಟು ಹೊತ್ತು ನಿನ್ನ ಪಕ್ಕದಲ್ಲೇ ಕೂತಿದ್ದಳು. ಹೋಗುವಾಗ ಇಲ್ಲಿ ಇಣುಕಿ, ನಾಳೆಗೂ ಒಂದು ದೂರು ಕೊಟ್ಟು ಹೋದಳು.”