ಒಂದು ಹಿಡಿ ಸಕ್ಕರೆ

ನ್ಯೂಜೆರ್ಸಿಯ ನಮ್ಮೂರು ಮೆಟುಚೆನ್‌ನ ಸ್ಟೇಷನ್ ಪಕ್ಕದ ಬೇಕರಿಯಲ್ಲಿ ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆ ಕರಗುವ ವಾಸನೆ ಬಂದರೆ ಸಾಕು, ನನಗೆ ಐರ್ಲೆಂಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಲ್ಲಿ ಕಡಲ ದಡದ ಪುಟ್ಟ ಊರೊಂದರಲ್ಲಿ ಅಮ್ಮನ ಮೈಸೂರಿನ ಗೆಳತಿ ಸುಧಾ ಆಂಟಿ ಡಾಕ್ಟರಾಗಿದ್ದರು. ನಾನಿನ್ನೂ ಸ್ಕೂಲಿನಲ್ಲಿದ್ದಾಗ, ಒಂದು ಲಾಂಗ್ ವೀಕೆಂಡಿಗೆಂದು ನ್ಯೂಜೆರ್ಸಿಯಿಂದ ನಾನು, ಅಮ್ಮ ಇಬ್ಬರೇ ಹೋಗಿದ್ದೆವು. ಭಾನುವಾರ ನಾವು ಹೊರಡುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ, ದಾರಿಗಿರಲಿ ಎಂದು, ನೀಲಿ ಅಂಚಿನ ತಟ್ಟೆಯಲ್ಲಿ ಬಿಸಿ ಬ್ರೆಡ್ ತಂದರು. ಅದು ಹೊರಗೆ ಮರದ ತೊಗಟೆಯಂತೆ ಒರಟು, ಒಳಗೆ ಮೆತ್ತಗೆ.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಆಂಟಿ ತಟ್ಟೆ ತೊಳೆದು ವಾಪಸ್ ಕೊಡಲು ಹೊರಟರು. ಅಮ್ಮ ತಡೆದಳು.

"ತಾಳೇ, ಬರಿ ತಟ್ಟೆ ಕೊಡಬಾರ್ದು."

"ಇಲ್ಲಿ ಅದೆಲ್ಲ ಯಾರಿಗೆ ಗೊತ್ತಾಗತ್ತೆ? ಫ್ಲೈಟ್‌ಗೆ ಲೇಟಾಗತ್ತೆ ಕಣೇ."

"ನಮಗೆ ಗೊತ್ತಲ್ಲ."

ಅಮ್ಮ ತಟ್ಟೆಗೆ ಒಂದು ಹಿಡಿ ಸಕ್ಕರೆ ಹಾಕಿ ತಾನೇ ಬಾಗಿಲಿಗೆ ಹೋದಳು. ಅಜ್ಜಿ ಸಕ್ಕರೆಯನ್ನು ನೋಡಿದರು, ಅಮ್ಮನನ್ನು ನೋಡಿದರು. ನ್ಯೂಜೆರ್ಸಿಯಲ್ಲಿ ಅಂಗಡಿಗೆ ಹೋದರೂ ಸ್ಕೂಲಿಗೆ ಹೋದರೂ ಅಮ್ಮನ ಪರವಾಗಿ ಇಂಗ್ಲಿಷ್ ಮಾತಾಡುತ್ತಿದ್ದವಳು ನಾನು. ಆಗಲೂ ಬಾಯಿ ತೆರೆದೆ. ಅಮ್ಮ ನನ್ನ ಭುಜ ಒತ್ತಿ ಸುಮ್ಮನಾಗಿಸಿದಳು.

"ಎಂಪ್ಟಿ ಪ್ಲೇಟ್ ವಿ ಡೋಂಟ್ ಗಿವ್," ಎಂದಳು. "ಯುವರ್ ಹೌಸ್, ಆಲ್ವೇಸ್ ಫುಲ್."

ಅಜ್ಜಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ನಿಧಾನವಾಗಿ ತಲೆಯಾಡಿಸಿದರು. ನಾನು ಅಮ್ಮನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದೆ.

ಹೊರಗೆ ಕಡಲಗಾಳಿ ಜೋರಾಗಿತ್ತು. ಅಜ್ಜಿ ಒಂದು ಕೈಯಲ್ಲಿ ತಟ್ಟೆ ಹಿಡಿದು, ಸಕ್ಕರೆ ಹಾರದಂತೆ ಇನ್ನೊಂದು ಅಂಗೈ ಅಡ್ಡ ಹಿಡಿದು, ದೀಪ ಒಯ್ಯುವವರ ಹಾಗೆ ಮೆಲ್ಲಮೆಲ್ಲನೆ ಮನೆಗೆ ನಡೆದರು.