ಆರನೆಯ ಪತ್ರ

ಲೀಗ್ ಶುರುವಾಗಲು ಹತ್ತು ದಿನವಿರುವಾಗ ಚೌರಪ್ಪ ತನ್ನ ನೆಚ್ಚಿನ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಮುಂದೆ ಬಂದು ನಿಂತ. ಐದು ವರ್ಷಗಳಿಂದ ಪ್ರತಿ ಸೀಸನ್ನಿಗೆ ಮುಂಚೆ ತಂಡದ ಹುಳುಕುಗಳನ್ನೆಲ್ಲ ಬರೆದು ಅವರಿಗೆ ಪತ್ರ ಹಾಕಿದ್ದ. ಒಂದಕ್ಕೂ ಉತ್ತರ ಬರಲಿಲ್ಲ. ತಂಡ ಮಾತ್ರ ವರ್ಷವರ್ಷವೂ ಕೆಳಗಿಳಿಯುತ್ತ ಹೋಯಿತು. ಆರನೆಯದನ್ನು ಕೈಯಾರೆ ಕೊಟ್ಟು, ಇನ್ನು ಈ ಕಡೆ ತಲೆಹಾಕುವುದಿಲ್ಲವೆಂದು ಹೇಳಿಹೋಗಲು ಬಂದಿದ್ದ.

"ಗೋಲ್‌ಕೀಪರ್ ಅರ್ಧ ಮೈದಾನದವರೆಗೂ ಓಡಿ ಬರ್ತಾನೆ. ಹಿಂದೆ ನೋಡಿದ್ರೆ ಬಾಗಿಲು ತೆಗೆದಿಟ್ಟ ಮನೆ," ಎಂದು ಪತ್ರವನ್ನು ಮೇಜಿನ ಮೇಲಿಟ್ಟ. "ಎಡಗಡೆ ಆಡೋಕೆ ಒಬ್ಬನೂ ಇಲ್ಲ. ಪ್ರಭುದಾಸನಂಥವನನ್ನ ಬೇರೆ ಕ್ಲಬ್ಬಿಗೆ ಬಿಟ್ಟುಕೊಟ್ಟ ಪುಣ್ಯಾತ್ಮ ಯಾರು ಸಾರ್?"

ಕೋಚ್ ಕನ್ನಡಕ ತೆಗೆದು ಒರೆಸತೊಡಗಿದರು.

"ನೋಡಿ, ಇದೇ. ಕಲ್ಲಿನ ಮುಂದೆ ಹೇಳಿದ ಹಾಗೆ. ನನ್ನ ಮಾತು ಒಂದು ದಿನ ಆದ್ರೂ ಕೇಳಿದ್ದೀರಾ?"

ಕೋಚ್ ಮೇಜಿನ ಖಾನೆ ಎಳೆದು ಒಂದು ಫೈಲನ್ನು ಅವನ ಮುಂದಿಟ್ಟರು. ಐದೂ ಪತ್ರಗಳು ಅದರಲ್ಲಿದ್ದವು. ಮೇಲಿದ್ದದ್ದು ಹೋದ ವರ್ಷದ್ದು. 'ಆ ಪ್ರಭುದಾಸ ದಂಡಪಿಂಡ, ಮೊದಲು ಅವನನ್ನು ಕಳಿಸಿ. ಗೋಲ್‌ಕೀಪರ್ ಧೈರ್ಯವಾಗಿ ಮುಂದೆ ಬಂದು ಆಡಲಿ.' ಎರಡೂ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿತ್ತು.

ಚೌರಪ್ಪ ತನ್ನದೇ ಕೈಬರಹವನ್ನು ಎರಡೆರಡು ಸಲ ಓದಿದ.

"ನಮ್ಮ ಆಟ ಒಂದೂ ಬಿಡದೆ ನೋಡೋರು ನೀವೊಬ್ಬರೇ," ಎಂದು ಕೋಚ್ ಹೊಸ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಕೆಂಪು ಪೆನ್ನಿನ ಮುಚ್ಚಳ ತೆಗೆದರು. "ಹೇಳಿ, ಈ ಸಲ ಯಾರನ್ನ ಕಳಿಸೋಣ?"